ಹೊಲದಿಂದ ತಡವಾಗಿ ಬಂದ ದಿನ ರಾತ್ರಿಯ ಊಟ



ಕಡಲೆಕಾಯಿ ಕೀಳುವ ಕಾಲ ಬಂತೆಂದರೆ ಕಲ್ಯಾಣದುರ್ಗದ ಕಡೆಯ ಮನೆಗಳಲ್ಲಿ ಒಲೆ ಹತ್ತುವುದು ರಾತ್ರಿ ಎಂಟರ ಮೇಲೆಯೇ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಗಿಡ ಕಿತ್ತು, ಒಣಗಿಸಿ, ಕಾಯಿ ಬಿಡಿಸಿ ಮನೆಗೆ ಸೇರಿಸುವ ತನಕ ಮೋಡ ನೋಡಿದರೂ ಭಯ. ಹಿಂದೂಪುರದ ಕಡೆ ಹೋದರೆ ರೇಷ್ಮೆ. ನಾಲ್ಕನೆಯ ಜ್ವರ ಎದ್ದ ಹುಳು ಒಂದು ವಾರ ಹಗಲು ರಾತ್ರಿ ಮೇಯುತ್ತದೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲು ಆ ಒಂದು ವಾರಕ್ಕೇ ಖರ್ಚು. ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿ, ಮನೆಯ ಮಕ್ಕಳಿಗೆ ಮಾತ್ರ ಒಂಬತ್ತೂವರೆಗೆ ಅನ್ನ ಬಡಿಸುವ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮನೆಯ ಕಥೆಯೂ ಇದೇ.

ಆಂಧ್ರದ ಸರ್ಕಾರಿ ಶಾಲೆಗಳಲ್ಲಿ 2003ರಿಂದ ಮಧ್ಯಾಹ್ನದ ಬಿಸಿಯೂಟ ಸಿಗುತ್ತಿದೆ. ಅದು ದೊಡ್ಡ ಉಪಕಾರವೇ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಉಂಡ ಮಗು ರಾತ್ರಿ ಒಂಬತ್ತರ ತನಕ ಏನನ್ನು ನೆಚ್ಚಿ ಇರಬೇಕು? ಹಸಿವು ತಡೆಯದೆ ಅಂಗಡಿಯ ಐದು ರೂಪಾಯಿ ಪೊಟ್ಟಣ ತಿಂದು, ಪುಸ್ತಕದ ಮೇಲೆಯೇ ತಲೆಯಿಟ್ಟು ಮಲಗುತ್ತದೆ. ಎಬ್ಬಿಸಿ ಉಣ್ಣಿಸಿದರೆ ಎರಡು ತುತ್ತು ನುಂಗಿ ಮತ್ತೆ ನಿದ್ದೆ. ಸುಗ್ಗಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಮೂಟೆ ಇರುತ್ತದೆ, ಮಗುವಿನ ಕೆನ್ನೆ ಒಳಗೆ ಹೋಗಿರುತ್ತದೆ.

"ಮಕ್ಕಳೇ ಅಡುಗೆ ಮಾಡಿಕೊಳ್ಳಲಿ" ಎನ್ನುವುದು ಸುಲಭ. ನಾವೂ ಹಾಗೆಯೇ ಅಂದವರು. ನಮ್ಮ ಮನೆಯ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಒಂದು ಸುಗ್ಗಿಯಲ್ಲಿ ನಮ್ಮ ಹಿರಿಯ ಮಗಳಿಗೆ, ಆಗ ಹನ್ನೊಂದು ವರ್ಷ, ಇಡೀ ರಾತ್ರಿಯ ಅಡುಗೆ ವಹಿಸಿದೆವು. ತಮ್ಮ ಬೀದಿಯಲ್ಲಿ ಗೋಲಿ ಆಡುತ್ತಿದ್ದ. ಗಂಡು ಹುಡುಗ ಎಂದು ಅವನಿಗೆ ಏನೂ ಹೇಳಲಿಲ್ಲ. ಬಂದವರೆಲ್ಲ ನಮ್ಮ ಹುಡುಗಿಯನ್ನು ಹೊಗಳಿದ್ದೇ ಹೊಗಳಿದ್ದು, ನಾವೂ ಉಬ್ಬಿದೆವು. ಮೂರನೆಯ ವಾರ ಅವಳು ಮುದ್ದೆಯ ಪಾತ್ರೆಯನ್ನು ಪಾದಗಳ ನಡುವೆ ಒತ್ತಿ ಹಿಡಿದು ಕೋಲಿನಿಂದ ತಿರುವುವಾಗ ಪಾತ್ರೆ ಜಾರಿತು. ಬಿಸಿ ಹಿಟ್ಟು ಕಾಲಿನ ಮೇಲೆ ಬಿತ್ತು. ಮುದ್ದೆಯ ಹಿಟ್ಟು ನೀರಿನಂತೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಗಾಯ ಮಾಯಲು ತಿಂಗಳು ಹಿಡಿಯಿತು. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನಪಾಸಾದದ್ದು ನಮಗೆ ತಿಳಿದದ್ದು ಆಮೇಲೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಮಕ್ಕಳು ಊಟಕ್ಕೆ ಸಿದ್ಧ ಮಾಡಿಡಬೇಕು, ಬೆಂಕಿಯ ಕೆಲಸ ದೊಡ್ಡವರದು. ಮುದ್ದೆ ತಿರುವುವುದು, ಅನ್ನ ಬಸಿಯುವುದು, ಕುದಿಯುವ ಸಾರಿನ ಪಾತ್ರೆ ಇಳಿಸುವುದು, ಒಗ್ಗರಣೆಯ ಎಣ್ಣೆ, ಈ ನಾಲ್ಕೂ ಮಕ್ಕಳ ಪಾಲಿಗೆ ಬರಕೂಡದು. ಹೀಗಿದ್ದರೆ ಮಕ್ಕಳಿಂದ ಏನು ಸಹಾಯವಾದೀತು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ರಾತ್ರಿಯ ಅಡುಗೆಗೆ ಒಂದೂವರೆ ಗಂಟೆ ಹಿಡಿದರೆ ಅದರಲ್ಲಿ ಒಲೆಯ ಮುಂದೆ ನಿಲ್ಲುವುದು ಅರ್ಧ ಗಂಟೆ. ಮಿಕ್ಕಿದ್ದೆಲ್ಲ ಸೊಪ್ಪು ಬಿಡಿಸುವುದು, ಈರುಳ್ಳಿ ಬೆಳ್ಳುಳ್ಳಿ ಸುಲಿಯುವುದು, ಹಿಟ್ಟು ಜರಡಿ ಹಿಡಿಯುವುದು, ಹುಣಸೆಹಣ್ಣು ನೆನೆಸುವುದು, ನೀರು ತುಂಬುವುದು, ಪಾತ್ರೆ ತೊಳೆಯುವುದು. ಇದನ್ನೆಲ್ಲ ಎಂಟು ವರ್ಷದ ಹುಡುಗನೂ ಮಾಡಬಲ್ಲ. ತಾಯಿ ಎಂಟಕ್ಕೆ ಬಂದು ಕೈಕಾಲು ತೊಳೆದರೆ, ಎಂಟೂವರೆಗೆ ತಟ್ಟೆಯಲ್ಲಿ ಮುದ್ದೆ.

ಕಾಳಿನ ವಿಷಯ ಇನ್ನೂ ಸುಲಭ. ಅಲಸಂದೆ, ಹುರುಳಿ, ಹೆಸರುಕಾಳು ಯಾವುದಾದರೂ ಸರಿ, ಹಿಂದಿನ ರಾತ್ರಿ ಮಲಗುವ ಮುಂಚೆ ನೆನೆಹಾಕುವುದು ಒಬ್ಬರ ಕೆಲಸ. ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಂಜೆಗೆ ಮೊಳಕೆ ಇಣುಕಿರುತ್ತದೆ, ಬೇಗ ಬೇಯುತ್ತದೆ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ವಾರಕ್ಕಾಗುವಷ್ಟು ಕಾಳು, ಕಡಲೆಬೀಜ ಆರಿಸಿ ಡಬ್ಬಿಗೆ ತುಂಬಲು ಮಕ್ಕಳನ್ನು ಅಜ್ಜಿಯ ಜೊತೆ ಕೂರಿಸಿ. ಕಡಲೆಬೀಜ ಆರಿಸುವಾಗ ಒಂದು ಎಚ್ಚರ ಕಲಿಸಬೇಕು: ಸುಕ್ಕಾದ, ಕಪ್ಪಾದ, ಹಸಿರು-ಹಳದಿ ಬೂಷ್ಟು ಹಿಡಿದ ಬೀಜ ಕಂಡರೆ ಎಸೆಯಬೇಕು. ಅದರಲ್ಲಿ ಈಲಿಯನ್ನು ಕೆಡಿಸುವ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಯಿಯನ್ನು ಮಂಡಿಗೆ ಕಳಿಸಿ ಬೂಷ್ಟಿನ ಬೀಜವನ್ನು ಮನೆಯ ಚಟ್ನಿಗೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ರೈತರಲ್ಲಿದೆ. ಇದು ಉಳಿತಾಯವಲ್ಲ.

ಸಂಜೆ ಆರರ ಹಸಿವಿಗೆ ಬೆಂಕಿಯೇ ಬೇಡದ ತಿಂಡಿ ನಮ್ಮ ಸೀಮೆಯಲ್ಲೇ ಇದೆ. ಅನಂತಪುರ, ಬಳ್ಳಾರಿಯವರಿಗೆ ಉಗ್ಗಾಣಿ ಹೇಳಿಕೊಡಬೇಕಾಗಿಲ್ಲ. ಅದನ್ನೇ ಒಗ್ಗರಣೆಯಿಲ್ಲದೆ ಮಾಡಿದರಾಯಿತು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಹೆಚ್ಚಿದ ಈರುಳ್ಳಿ, ಟೊಮೇಟೊ, ಹುರಿಗಡಲೆ ಪುಡಿ, ಉಪ್ಪು ಹಾಕಿ ಕಲಸಿ, ಮೇಲೆ ನಿಂಬೆಹಣ್ಣು ಹಿಂಡಿ, ಹುರಿದ ಕಡಲೆಬೀಜ ಒಂದು ಹಿಡಿ ಸೇರಿಸುವುದು. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬೆಳೆಯುವವರು ನಾವು, ತಿನ್ನಲು ಮಾತ್ರ ಜಿಪುಣತನ. ಇದನ್ನು ತಿಂದ ಮಗು ಎಂಟೂವರೆಯ ತನಕ ಎಚ್ಚರವಾಗಿದ್ದು ಪಾಠ ಓದುತ್ತದೆ. ತೀರ ಚಿಕ್ಕವು ಇದ್ದರೆ ಅವು ಏಳೂವರೆಗೇ ಉಂಡು ಮಲಗಲಿ. ಎಲ್ಲರೂ ಕೂಡಿ ಪ್ರಾರ್ಥನೆ ಹೇಳಿ ಉಣ್ಣಬೇಕೆಂಬ ಆಸೆ ಒಳ್ಳೆಯದೇ, ಆದರೆ ಅದಕ್ಕಾಗಿ ನಾಲ್ಕು ವರ್ಷದ ಕೂಸನ್ನು ಕಾಯಿಸಬೇಡಿ. ಸುಗ್ಗಿಯ ದಿನಗಳಲ್ಲಿ ಕೂಡಿ ಉಣ್ಣುವ ಹೊತ್ತನ್ನು ಬೆಳಗಿನ ಊಟಕ್ಕೆ ಇಟ್ಟುಕೊಳ್ಳಬಹುದು.

ದಣಿದು ಬಂದ ದಿನ ಮುದ್ದೆ ಬಿಟ್ಟು ಬರೀ ಅನ್ನ ಇಟ್ಟುಬಿಡುವ ಮನಸ್ಸಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಷ್ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಬೆಳೆಯುವ ಮೂಳೆಗೆ ಯಾವುದು ಬೇಕೆಂದು ನೀವೇ ಹೇಳಿ. ಇನ್ನು, ಬೆಳಿಗ್ಗೆ ಮಾಡಿದ ಅನ್ನವನ್ನು ರಾತ್ರಿಗೆ ಉಳಿಸುವುದು ಬೇಡ. ಕಲ್ಯಾಣದುರ್ಗದ ಬೇಸಿಗೆಯಲ್ಲಿ ಅದು ಸಂಜೆಗೇ ಹಳಸುತ್ತದೆ. ವಾಸನೆ ಬರದಿದ್ದರೂ ಹೊಟ್ಟೆ ಕೆಡಿಸಬಹುದು.

ಒಲೆಯ ಮಾತಿಗೆ ಮತ್ತೆ ಬರೋಣ. ಆಂಧ್ರದಲ್ಲಿ 1999ರಲ್ಲಿ ಬಂದ ದೀಪಂ, ಆಮೇಲೆ ದೇಶಕ್ಕೆಲ್ಲ 2016ರಲ್ಲಿ ಬಂದ ಉಜ್ವಲ ಯೋಜನೆಗಳಿಂದ ಬಡವರ ಮನೆಗೂ ಗ್ಯಾಸ್ ಬಂತು. ಹೊಗೆ ಕಡಿಮೆಯಾಯಿತು, ಆದರೆ ಗುಂಡಿ ತಿರುವಿದರೆ ಉರಿ ಎಂಬ ಸಸಾರವೂ ಬಂತು. ದೊಡ್ಡವರಿಲ್ಲದ ಹೊತ್ತಿನಲ್ಲಿ ರೆಗ್ಯುಲೇಟರ್ ಮುಚ್ಚಿರಲಿ. ಹದಿನಾಲ್ಕು ದಾಟಿದ ಮಕ್ಕಳಿಗೆ, ನಾವು ಪಕ್ಕದಲ್ಲಿ ನಿಂತು ಒಂದು ತಿಂಗಳು ಕಲಿಸಿದ ಮೇಲೆ, ಹಾಲು ಕಾಯಿಸುವಷ್ಟು ಬಿಡಬಹುದು. ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆದು ಹೊರಗೆ ಓಡಬೇಕೆಂದು ಎಲ್ಲ ಮಕ್ಕಳಿಗೂ ಗೊತ್ತಿರಬೇಕು.

ಸುಟ್ಟರೆ? ನಮ್ಮ ಮಗಳ ಕಾಲಿಗೆ ಗಾಬರಿಯಲ್ಲಿ ಪಕ್ಕದ ಮನೆಯವರು ಟೂತ್‌ಪೇಸ್ಟ್ ಬಳಿದರು, ನಾವೂ ಸುಮ್ಮನಿದ್ದೆವು. ಅದು ತಪ್ಪು. ಇಂಕು, ತುಪ್ಪ, ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಬೇಕು, ಬಳೆ, ಕಾಲ್ಗೆಜ್ಜೆ ಊದುವ ಮೊದಲೇ ತೆಗೆಯಬೇಕು, ಗುಳ್ಳೆ ಒಡೆಯಬಾರದು. ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಆಂಧ್ರದಲ್ಲಿ 2005ರಲ್ಲಿ ಶುರುವಾದ 108ರ ವಾಹನ ಈಗ ಹಳ್ಳಿಗೂ ಬರುತ್ತದೆ. ಆ ಮೂರು ಅಂಕಿಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಹೊಲದಿಂದ ಬರುವ ನಮ್ಮ ಕೈಯ ಬಗ್ಗೆಯೂ ಒಂದು ಮಾತು. ಔಷಧಿ ಹೊಡೆದು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಅಡುಗೆಮನೆಗೆ ಕಾಲಿಡಬಾರದು. ಹುಳುಮನೆಗೆ ಬಳಸುವ ಬ್ಲೀಚಿಂಗ್ ಪುಡಿ, ಸುಣ್ಣದ ಡಬ್ಬಗಳನ್ನು ಹಿಟ್ಟಿನ ಡಬ್ಬಗಳ ಸಾಲಿನಲ್ಲಿ ಇಡಬೇಡಿ. ಮಬ್ಬುಗತ್ತಲಲ್ಲಿ ಮಗುವಿಗೆ ಎಲ್ಲ ಬಿಳಿ ಪುಡಿಯೂ ಒಂದೇ.

ಇನ್ನು ಗಂಡುಮಕ್ಕಳ ಪಾಳಿ. ಅಕ್ಕ ಸೊಪ್ಪು ಬಿಡಿಸಿದ ದಿನ ತಮ್ಮ ಪಾತ್ರೆ ತೊಳೆಯಬೇಕು, ಮಾರನೆಯ ದಿನ ಅದಲುಬದಲು. ನಮ್ಮ ಮಗ ಮೊದಲು ಮುಖ ಊದಿಸಿದ. ಈಗ ಅವನು ಕಲಸಿದ ಮಂಡಕ್ಕಿಯೇ ರುಚಿ ಎಂದು ಅಕ್ಕನೇ ಒಪ್ಪುತ್ತಾಳೆ. ಶಾಲೆ ಮುಗಿದ ಮೇಲೆ ಮಕ್ಕಳು ಮನೆಯವರಿಗೆ ಕೈಜೋಡಿಸುವುದನ್ನು 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾನೂನೂ ತಡೆಯುವುದಿಲ್ಲ, ಅಪಾಯದ ಕೆಲಸ ಮಾತ್ರ ಆಗಕೂಡದು. ಆದರೆ ಕಾನೂನು ಬಿಟ್ಟಿತೆಂದು ಎರಡು ಗಂಟೆ ದುಡಿಸುವುದಲ್ಲ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಮಾತ್ರ. ಪರೀಕ್ಷೆ ಬಂದಾಗ ಅದೂ ಇಲ್ಲ. ಆ ವಾರ ನಾವಿಬ್ಬರಲ್ಲಿ ಒಬ್ಬರು ಆರಕ್ಕೇ ಹೊಲ ಬಿಟ್ಟು ಬರುತ್ತೇವೆ. ಬಿಡಿಸದೆ ಉಳಿದ ಕಾಯಿಯನ್ನು ಟಾರ್ಪಾಲಿನಿಂದ ಮುಚ್ಚಿ ಅಂಚಿಗೆ ಕಲ್ಲು ಹೇರಿ ಬಂದರೆ, ಬೆಳಗಿನ ತನಕ ಅದು ಅಲ್ಲೇ ಇರುತ್ತದೆ.