ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ

ಮೊದಲ ಪರ್ಸನ್ನೋ ಬೆಲ್ಟನ್ನೋ ಪೂರ್ತಿ ಮುಗಿಸಿದ ಮೇಲೆಯೇ ಬಲ್ಲವರಿಗೆ ತೋರಿಸಬೇಕು ಎಂಬುದು ಚರ್ಮದ ಕೆಲಸ ಕಲಿಯುವವರಲ್ಲಿ ಸಾಮಾನ್ಯವಾದ ನಂಬಿಕೆ. ಇದು ಬಟ್ಟೆ ಹೊಲಿಗೆಯಿಂದ ಬಂದ ಲೆಕ್ಕಾಚಾರ; ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಸಹಜವೂ ಹೌದು. ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ನುಸುಳುತ್ತದೆ, ಬಿಚ್ಚಿದರೆ ಎಳೆಗಳು ಬಹುಮಟ್ಟಿಗೆ ಮತ್ತೆ ಕೂಡುತ್ತವೆ. ಚರ್ಮ ನೇಯ್ದದ್ದಲ್ಲ. ಹೆಣೆದುಕೊಂಡ ಅದರ ನಾರುಗಳು ಒಮ್ಮೆ ಕತ್ತರಿಸಿದರೆ ಕೂಡುವುದಿಲ್ಲ. ತೂತು ಉಳಿದೇ ಉಳಿಯುತ್ತದೆ. ಹಾಗಾಗಿ ತೋರಿಸಬೇಕಾದ ಹೊತ್ತು ಎರಡು: ಕಾಗದದ ಮಾದರಿಯನ್ನು ಚರ್ಮದ ಮೇಲಿಟ್ಟು ಗೆರೆ ಎಳೆದಾಗ, ಮತ್ತು ಉಳಿದ ಚೂರಿನ ಮೇಲೆ ನಾಲ್ಕು ಹೊಲಿಗೆ ಹಾಕಿ ನೋಡಿದಾಗ. ಮುಗಿದ ಮೇಲೆ ಸಿಗುವ ಸಲಹೆ ಮುಂದಿನ ಪರ್ಸಿಗೆ ಮಾತ್ರ.

ಮುಂಭಾಗದ ಹೊಲಿಗೆ ನೇರವಾಗಿದ್ದರೆ ಕೆಲಸ ಗೆದ್ದಂತೆ ಎಂಬುದು ಇನ್ನೊಂದು ನಂಬಿಕೆ. ಅನುಭವಸ್ಥರು ಮೊದಲು ವಸ್ತುವನ್ನು ಮಗುಚಿ ನೋಡುತ್ತಾರೆ. ಹಿಂಬದಿಯ ಸಾಲು ಓಲಾಡಿದ್ದರೆ ಚುಚ್ಚುವಾಗ ಕೈ ಓರೆಯಾಗಿದೆ ಎಂದರ್ಥ. ಅಂಚಿನಿಂದ ಸುಮಾರು 3 ಮಿ.ಮೀ. ಬಿಡದೆ ಚುಚ್ಚಿದರೆ ಹರಿಯುತ್ತದೆ. ತೂತುಗಳು ತೀರಾ ಒತ್ತಾಗಿದ್ದರೆ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ಮಿಷನ್ ಹೊಲಿಗೆಯಷ್ಟು ಒಪ್ಪವಾಗಿಲ್ಲ ಎಂದು ಕೊರಗಬೇಕಿಲ್ಲ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾರ ಹಾಯುವುದರಿಂದ ಒಂದು ಕಡೆ ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ.

‘ದಪ್ಪ ಇದ್ದಷ್ಟೂ ಗಟ್ಟಿ’ ಎಂಬುದು ಅರ್ಧ ಸತ್ಯ. ಬೆಲ್ಟಿಗೆ 3–4 ಮಿ.ಮೀ. ಸರಿ, ಅದೇ ಚರ್ಮದಲ್ಲಿ ಪರ್ಸ್ ಮಾಡಿದರೆ ಮಡಿಸಲಾಗದು. ದಪ್ಪಕ್ಕಿಂತ ಚರ್ಮ ತೊಗಲಿನ ಯಾವ ಭಾಗದ್ದು ಎಂಬುದು ಮುಖ್ಯ: ಬೆನ್ನಿನದು ಒತ್ತಾದ ನಾರಿನದು, ಹೊಟ್ಟೆಯದು ಸಡಿಲ. ಹೊಟ್ಟೆಭಾಗದಿಂದ ಕತ್ತರಿಸಿದ ಬೆಲ್ಟ್ ಎಷ್ಟು ದಪ್ಪವಿದ್ದರೂ ಜಗ್ಗುತ್ತದೆ.

ಎಲ್ಲ ಚರ್ಮಕ್ಕೂ ಒಂದೇ ಅಳತೆಗೋಲು ಸಲ್ಲದು. ಕಲಾವಿದ ಬೆಳಗಲ್ಲು ವೀರಣ್ಣನವರಿಂದ ಹೆಸರಾದ ಬಳ್ಳಾರಿಯ ತೊಗಲು ಗೊಂಬೆಗಳದು ಹದ ಮಾಡಿದ ಚರ್ಮವಲ್ಲ. ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದ ಹಸಿ ತೊಗಲು. ಕಲಿಯುವವರ ಗೊಂಬೆಯನ್ನು ಹಗಲಿನಲ್ಲಿ ಕೈಯಲ್ಲಿ ಹಿಡಿದು ಹೊಗಳುವುದರಿಂದ ಏನೂ ತಿಳಿಯದು. ಪರದೆಯ ಹಿಂದೆ ದೀಪವಿಟ್ಟು ನೋಡಿದಾಗಲೇ ಬಣ್ಣ ಎಲ್ಲಿ ಮಂದವಾಗಿದೆ, ಕೀಲು ಎಲ್ಲಿ ತಪ್ಪಿದೆ ಎಂಬುದು ಗೊತ್ತಾಗುತ್ತದೆ.

ಗಡುಸಾದ ಚರ್ಮಕ್ಕೆ ಎಣ್ಣೆ ಸುರಿದರೆ ಸಾಕು ಎನ್ನುವುದೂ ತಪ್ಪು. ತಂಗಡಿ ಚಕ್ಕೆ, ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮದ ಚಪ್ಪಲಿ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿದರೆ ಸೆಡೆತು ಬಿರುಕು ಬಿಡುತ್ತದೆ. ನೆರಳಲ್ಲಿ ನಿಧಾನ ಒಣಗಿಸಿ, ಇನ್ನೂ ತುಸು ತೇವವಿರುವಾಗ ತೆಳುವಾಗಿ ಎಣ್ಣೆ ಸವರಬೇಕು. ಹೆಚ್ಚಾದ ಎಣ್ಣೆ ನಾರನ್ನೇ ಸಡಿಲಿಸುತ್ತದೆ.

ರಸ್ತೆ ಬದಿ ಚಪ್ಪಲಿ ಹೊಲಿಯುವವರಿಗೆ ರಿಪೇರಿ ಬಿಟ್ಟು ಬೇರೇನು ಗೊತ್ತು ಎಂಬ ಮಾತಿನ ಹಿಂದೆ ತಿಳಿವಳಿಕೆಗಿಂತ ಜಾತಿಯ ತಾತ್ಸಾರವೇ ಹೆಚ್ಚು. ವಸ್ತು ಎಲ್ಲಿ ಸೋಲುತ್ತದೆ ಎಂಬುದನ್ನು ದಿನವೂ ಕಾಣುವವರು ಅವರೇ: ಉಂಗುಷ್ಟದ ಬುಡ, ಬಕಲಿನ ತೂತು, ಅಟ್ಟೆಯ ಅಂಚು. ಚರ್ಮ ಕುಶಲಕರ್ಮಿಗಳಿಗಾಗಿ 1976ರಲ್ಲಿ ಆರಂಭವಾದ ಲಿಡ್ಕರ್ ನಿಗಮದ ತರಬೇತಿಯೂ ಉಂಟು. ಆದರೆ ಕುರುಗೋಡಿನಂಥ ಊರಿನಲ್ಲಿ ಕೈಗೆಟುಕುವ ಮೊದಲ ಪರೀಕ್ಷಕರು ಈ ಚಪ್ಪಲಿ ಹೊಲಿಯುವವರೇ. ‘ಹೆಂಗೈತಿ ಅಣ್ಣಾ?’ ಎಂದು ಕೇಳಿದರೆ ‘ಚಲೋ ಐತಿ’ ಎಂದಷ್ಟೇ ಉತ್ತರ ಬರುತ್ತದೆ. ‘ಇದು ಮೊದ್ಲು ಎಲ್ಲಿ ಕಿತ್ತು ಬರ್ತತಿ?’ ಎಂದು ಕೇಳಿದರೆ ಅವರು ಬೆರಳಿಟ್ಟು ತೋರಿಸುತ್ತಾರೆ.