ಇಂಜಿನ್ ಓಡ್ತಿತ್ತು, ವಿಮಾನ ಮಾತು ಕೇಳಲಿಲ್ಲ

ಹುಮನಾಬಾದ್ ಬಳಿಯ ಬಯಲಲ್ಲಿ ನನ್ನ 50 ಸಿಸಿ ಪೆಟ್ರೋಲ್ ಆರ್‌ಸಿ ವಿಮಾನ ತಿರುವಿನಲ್ಲೇ ಕೈಬಿಟ್ಟಿತು. ಇಂಜಿನ್ ಗರ್ಜಿಸುತ್ತಲೇ ಇತ್ತು. ವಿಮಾನ ತೊಗರಿ ಹೊಲಕ್ಕೆ ನುಗ್ಗಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಇಗ್ನಿಷನ್‌ಗೆ ಬೇರೆ ಬ್ಯಾಟರಿ ಇತ್ತು. ಕೈಕೊಟ್ಟದ್ದು ಕಂಪನಕ್ಕೆ ಸಡಿಲಾದ ರಿಸೀವರ್ ಸ್ವಿಚ್ಚು.

ಈಗ ರಿಸೀವರ್‌ಗೆ 6.6 ವೋಲ್ಟಿನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಒಂದೊಂದಕ್ಕೂ ಬೇರೆ ಸ್ವಿಚ್ಚು. (7.4 ವೋಲ್ಟಿನ ಲಿಥಿಯಂ ಅಯಾನ್ ಫುಲ್ ಚಾರ್ಜಿನಲ್ಲಿ 8.4 ಆಗುತ್ತೆ, ಸರ್ವೋ ತಡೆಯುತ್ತಾ ನೋಡ್ಕೊಳ್ಳಿ.) ರಿಸೀವರ್ ಪವರ್ ಹೋದರೆ ಇಂಜಿನ್ನೂ ನಿಲ್ಲುವಂಥ ಇಗ್ನಿಷನ್ ಕಿಲ್ ಸ್ವಿಚ್ಚನ್ನೂ ಹಾಕಿಸಿದೆ.

ಬಸವಕಲ್ಯಾಣದ ಗೆಳೆಯ, "ಎರಡೆರಡು ಯಾಕೋ, ತೂಕ ಆಗಂಗಿಲ್ಲೇನು?" ಅಂದ. ಆಗುತ್ತೆ. ಆದರೂ ಹಾರಿಸೋ ಮುಂಚೆ ಒಂದನ್ನು ಆಫ್ ಮಾಡಿ ರಡ್ಡರ್ ಆಡಿಸ್ತೀನಿ, ಆಮೇಲೆ ಇನ್ನೊಂದನ್ನು.