“ಹೊಡೆಸ್ಕೊಂಡ್ ಬಂದ್ಯಾ? ಹೋಗ್, ಹೊಡೆದ್ ಬಾ!”

ಮೈಸೂರಿನ ಹಳೇ ಮೊಹಲ್ಲಾದ ಒಂದು ದಿನಸಿ ಅಂಗಡಿ. ಸಂಜೆ ವ್ಯಾಪಾರದ ಹೊತ್ತು. ಎಂಟು ವರ್ಷದ ಹುಡುಗ ಅಳುತ್ತಾ ಬಂದ. ಆಟದಲ್ಲಿ ಯಾರೋ ಕೆನ್ನೆಗೆ ಬಾರಿಸಿದ್ದಾರೆ. ಗಲ್ಲಾದಲ್ಲಿ ಕೂತಿದ್ದ ಅಪ್ಪ ಕೆನ್ನೆ ನೋಡಲಿಲ್ಲ, ಕಣ್ಣೀರು ನೋಡಿದ. “ಥೂ, ಹೆಣ್ಣಿಗನ ತರ ಅಳ್ತೀಯಲ್ಲೋ! ಹೋಗ್, ನೀನೂ ಎರಡು ಕೊಟ್ಟು ಬಾ. ಇಲ್ದಿದ್ರೆ ಮನೇಗೇ ಬರ್ಬೇಡ.” ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದ ನಾಲ್ಕು ಜನ ನಕ್ಕರು.

ಶಾಲೆಯಲ್ಲಿ ಮೇಷ್ಟ್ರು ಕೈ ಎತ್ತುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಗಲ್ಲಾಪೆಟ್ಟಿಗೆಯ ಹಿಂದೆ ನಡೆಯುವ ಈ ಪಾಠಕ್ಕೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ.

ಹುಡುಗರು ಕೆಟ್ಟರೆಂದರೆ ಎಲ್ಲರೂ ಬೆರಳು ತೋರುವುದು ಸಿನಿಮಾದ ಕಡೆಗೆ. 1995ರ ‘ಓಂ’ ಚಿತ್ರದಲ್ಲಿ ಪುರೋಹಿತರ ಮಗನೇ ರೌಡಿಯಾದ; ಆಮೇಲೆ ಮಚ್ಚು, ಲಾಂಗು ಕಂಡರೆ ಥಿಯೇಟರಿನಲ್ಲಿ ಶಿಳ್ಳೆ. ನಿಜವೇ. ಆದರೆ ಹುಡುಗ ಟಿಕೆಟ್ ಕೊಳ್ಳುವ ವಯಸ್ಸಿಗೆ ಬರುವಷ್ಟರಲ್ಲಿ ಅರ್ಧ ಸಿನಿಮಾ ಮನೆಯಲ್ಲೇ ಮುಗಿದಿರುತ್ತದಲ್ಲ!

ಇದೇ ಊರಿನಲ್ಲಿ ಇನ್ನೊಂದು ಪಾಠವೂ ಇತ್ತು. ಗರಡಿಮನೆಯ ಪಾಠ. ಲಂಗೋಟಿ ಕಟ್ಟಿ, ಮಟ್ಟಿಗೆ ನಮಸ್ಕರಿಸಿ ಇಳಿದವನಿಗೆ ಪಟ್ಟು ಹಾಕುವುದರ ಜೊತೆಗೆ ಪಟ್ಟು ಬಿಡುವುದನ್ನೂ ಉಸ್ತಾದ್ ಕಲಿಸುತ್ತಿದ್ದ. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ನುಗ್ಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಒಸರಿತೋ, ಕಾಳಗ ಮುಗೀತು. ಅಷ್ಟು ಬಲದ ಕೈ ಅಲ್ಲಿಗೇ ನಿಲ್ಲಬೇಕು. ಬೀದಿಯ ಹೊಡೆದಾಟದಲ್ಲಿ ‘ಸಾಕು’ ಅನ್ನುವವನೇ ಇಲ್ಲ. ಅಂದವನು ಹೆಣ್ಣಿಗ!

ಹಾಗಂತ ಗರಡಿಯೇನು ದೇವಸ್ಥಾನವಲ್ಲ. ಅಲ್ಲಿಯೂ ಏಟು ಬೀಳುತ್ತಿತ್ತು, ಹೆಣ್ಣುಮಕ್ಕಳು ಹೊಸಿಲು ದಾಟುವಂತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕಾದರೂ ಒಂದು ಲೆಕ್ಕವಿತ್ತು, ಅಷ್ಟೆ.

ಈ ಲೆಕ್ಕ ತಪ್ಪಿದ ಕೈ ಮದುವೆಯಾದ ಮೇಲೆ ಎಲ್ಲಿಗೆ ಬರುತ್ತದೆ? ಅಡುಗೆಮನೆಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಏಳು ಕಾರಣ ಮುಂದಿಟ್ಟು ಕೇಳಿದರು: ಅಡುಗೆ ಸರಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಹೀಗೆ, ಗಂಡ ಹೆಂಡತಿಯನ್ನು ಹೊಡೆಯಬಹುದೆ? ಒಂದಲ್ಲ ಒಂದು ಕಾರಣಕ್ಕೆ ‘ಹೌದು’ ಅಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82. ಹೆಂಗಸರಲ್ಲೂ ಸುಮಾರು 77! ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಡುವವರೂ ಇವರೇ. “ಅವ್ನು ಗಂಡ್ಹುಡ್ಗ, ನೀನೇ ಸೋತ್ಕೊಳ್ಳೇ” ಎಂದು ಮಗಳಿಗೆ ಬುದ್ಧಿ ಹೇಳುವವರೂ ಇವರೇ.

ಆ ಸಂಜೆ ಹುಡುಗ ಅರ್ಧ ಗಂಟೆಯಲ್ಲಿ ವಾಪಸ್ ಬಂದ. ಅಂಗಿಯ ಗುಂಡಿ ಕಿತ್ತಿತ್ತು, ಕಣ್ಣೀರು ಒಣಗಿತ್ತು. “ಕೊಟ್ಯಾ?” ಅಂದ ಅಪ್ಪ. ಹುಡುಗ ತಲೆ ಆಡಿಸಿದ. ಅಪ್ಪ ಗಾಜಿನ ಜಾಡಿಗೆ ಕೈ ಹಾಕಿ ಎರಡು ಚಾಕ್ಲೇಟ್ ತೆಗೆದುಕೊಟ್ಟ.

ಅಕ್ಕಿಮೂಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ತಂಗಿಯೂ ಕೈ ಚಾಚಿದಳು.

“ನೀನೇನ್ ಮಾಡ್ದೆ?” ಅಂದ ಅಪ್ಪ, ಜಾಡಿಯ ಮುಚ್ಚಳ ತಿರುಗಿಸುತ್ತಾ.